ನೀವು ಎಲ್ಲಿಯ ಲೋಕಲ್?



ಹೋದ ಯುಗಾದಿಯ ದಿನ ಸಂಘದ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಹತ್ತನೆಯ ತರಗತಿಯ ಹುಡುಗನೊಬ್ಬ ಕುಳಿತಿದ್ದ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಲೇ ಕೇಳಿದ: "ಅಂಕಲ್, ನಾನು ಲೋಕಲ್ಲಾ, ನಾನ್-ಲೋಕಲ್ಲಾ?"

ಅವನು ಹುಟ್ಟಿದ್ದು ವಿಶಾಖಪಟ್ಟಣದಲ್ಲಿ. ಅಪ್ಪನ ಊರು ಹಾವೇರಿ ಕಡೆ, ಅಮ್ಮನದು ಶಿವಮೊಗ್ಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಇಂಗ್ಲಿಷ್. ಹುಡುಗನಿಗೆ ದಂತವೈದ್ಯನಾಗುವ ಆಸೆ. ಅಜ್ಜಿಯ ಹಲ್ಲುಸೆಟ್ಟು ಮಾಡಿಸಲು ಜೊತೆಗೆ ಹೋಗಿ ಹೋಗಿ ಹುಟ್ಟಿದ ಆಸೆಯಂತೆ! ಶಾಲೆಯಲ್ಲಿ ಯಾರೋ "ನೀವು ಕನ್ನಡದವರು, ನಿಮಗೆ ಇಲ್ಲಿ ಸೀಟು ಸಿಗೋದಿಲ್ಲ" ಎಂದು ಹೆದರಿಸಿದ್ದರು. ನಾನು ನಕ್ಕು, "ಮೊದಲು ಹೋಳಿಗೆ ತಿನ್ನು" ಎಂದೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ನಿಮ್ಮಲ್ಲಿ ಅನೇಕರಿಗೆ ಇದೇ ಸಂಶಯ ಇದ್ದೀತು. ತಂದೆ ಉಕ್ಕಿನ ಕಾರ್ಖಾನೆಯಲ್ಲೋ ನೌಕಾಪಡೆಯಲ್ಲೋ ಬ್ಯಾಂಕಿನಲ್ಲೋ ಇದ್ದು, ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಮನೆಗಳಲ್ಲಂತೂ ಇದು ಇದ್ದೇ ಇರುತ್ತದೆ. ಆದ್ದರಿಂದ ಅವನಿಗೆ ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತಾರವಾಗಿ ನಿಮಗೂ ಹೇಳುತ್ತೇನೆ. ನಿವೃತ್ತನಾದ ಮೇಲೆ ಸಂಘದ ಮಕ್ಕಳ ಅರ್ಜಿಗಳನ್ನು ನೋಡಿಕೊಡುವ ಕೆಲಸ ಹೇಗೋ ನನ್ನ ಹೆಗಲಿಗೆ ಬಂದಿದೆ. ಅದರಿಂದ ಕಲಿತದ್ದೇ ಹೆಚ್ಚು.

ಮೊದಲ ಮಾತು. ಸೀಟು ಹಂಚುವಾಗ ನಿಮ್ಮ ಮನೆಮಾತು ಯಾವುದೆಂದು ಆಂಧ್ರದಲ್ಲಿ ಯಾರೂ ಕೇಳುವುದಿಲ್ಲ. ಅಪ್ಪನ ಊರು ಯಾವುದೆಂದೂ ಕೇಳುವುದಿಲ್ಲ. ಕೇಳುವುದು ಒಂದೇ: ನೀವು ಎಲ್ಲಿ ಓದಿದಿರಿ?

ಇದಕ್ಕೊಂದು ಇತಿಹಾಸವಿದೆ. 1969ರಲ್ಲಿ ತೆಲಂಗಾಣ ಚಳವಳಿ, 1972ರಲ್ಲಿ ಜೈ ಆಂಧ್ರ ಚಳವಳಿ. ಎರಡರಲ್ಲೂ ಓದು ಮತ್ತು ನೌಕರಿಯಲ್ಲಿ ಯಾರ ಪಾಲು ಎಷ್ಟು ಎಂಬ ಜಗಳವೇ ಮುಖ್ಯವಾಗಿತ್ತು. 1973ರಲ್ಲಿ ಆರು ಅಂಶಗಳ ಸೂತ್ರ ಎಂಬ ರಾಜಿ ಆಯಿತು. ಸಂವಿಧಾನಕ್ಕೆ 32ನೆಯ ತಿದ್ದುಪಡಿ ತಂದು 371-ಡಿ ವಿಧಿ ಸೇರಿಸಿದರು. ಅದರಡಿ 1974ರಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟಿತು. ಇಡೀ ರಾಜ್ಯವನ್ನು ಆಂಧ್ರ ವಿಶ್ವವಿದ್ಯಾಲಯ, ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ, ಉಸ್ಮಾನಿಯಾ ವಿಶ್ವವಿದ್ಯಾಲಯ ಎಂಬ ಮೂರು ಸ್ಥಳೀಯ ಪ್ರದೇಶಗಳಾಗಿ ಹಂಚಿ, ನೂರಕ್ಕೆ 85 ಸೀಟು ಆಯಾ ಪ್ರದೇಶದ ಮಕ್ಕಳಿಗೆ, ಉಳಿದ 15 ಅಂಥ ಕಟ್ಟುಪಾಡಿಲ್ಲದೆ ಎಂದು ಗೊತ್ತುಮಾಡಿದರು. 2014ರಲ್ಲಿ ರಾಜ್ಯ ಎರಡಾದಾಗ ಉಸ್ಮಾನಿಯಾ ಪ್ರದೇಶ ತೆಲಂಗಾಣಕ್ಕೆ ಹೋಯಿತು. ನಮಗೆ ಉಳಿದದ್ದು ಎರಡು. ಹಳೆಯ ಲೆಕ್ಕದಲ್ಲಿ ಶ್ರೀಕಾಕುಳಂನಿಂದ ಪ್ರಕಾಶಂವರೆಗಿನ ಕರಾವಳಿ ಜಿಲ್ಲೆಗಳೆಲ್ಲ ಆಂಧ್ರ ವಿಶ್ವವಿದ್ಯಾಲಯದ ಪ್ರದೇಶ. ನೆಲ್ಲೂರು ಮತ್ತು ರಾಯಲಸೀಮೆ ವೆಂಕಟೇಶ್ವರದ್ದು. ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಗಡಿನಾಡ ಕನ್ನಡಿಗರು ಈ ಎರಡನೆಯದಕ್ಕೆ ಸೇರುತ್ತಾರೆ.

ಹೀಗಾಗಿ ವಿಶಾಖಪಟ್ಟಣದ ಹುಡುಗ 350 ಕಿಲೋಮೀಟರು ದೂರದ ವಿಜಯವಾಡದಲ್ಲೂ ಲೋಕಲ್ಲೇ! ಒಂದು ತಮಾಷೆ ನೋಡಿ. ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದಾಗ ಅದರ ಕಚೇರಿ ಇದ್ದದ್ದು ವಿಜಯವಾಡದಲ್ಲಿ, ಆಗಿನ ಬೆಜವಾಡದಲ್ಲಿ. 1930ರಲ್ಲಿ ಅದು ನಮ್ಮ ವಾಲ್ತೇರಿಗೆ ಬಂತು. ಮರುವರ್ಷವೇ ಅದರ ಕುಲಪತಿಯಾಗಿ ಬಂದವರು ಸರ್ವೇಪಲ್ಲಿ ರಾಧಾಕೃಷ್ಣನ್. ಅದಕ್ಕೂ ಮೊದಲು ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಆಗ ಅವರನ್ನು "ನೀವು ಲೋಕಲ್ಲಾ?" ಎಂದು ಯಾರೂ ಕೇಳಿರಲಾರರು. ಇರಲಿ.

ಲೋಕಲ್ ಎನಿಸಿಕೊಳ್ಳಲು ಏನು ಬೇಕು? ಅರ್ಹತಾ ಪರೀಕ್ಷೆಗೆ, ಅಂದರೆ ಇಂಟರ್ ಎರಡನೆಯ ವರ್ಷ ಅಥವಾ ಹನ್ನೆರಡನೆಯ ತರಗತಿಗೆ ಮುಗಿಯುವಂತೆ, ಸತತ ನಾಲ್ಕು ವರ್ಷ ಆ ಪ್ರದೇಶದಲ್ಲಿ ಓದಿರಬೇಕು. ಬೆರಳು ಮಡಚಿ ಎಣಿಸಿ: ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಅದು ಕೂಡಿಬರದಿದ್ದರೆ ಇನ್ನೊಂದು ದಾರಿ ಇದೆ. ಕೊನೆಯ ಏಳು ವರ್ಷ ಬಿಡದೆ ಈ ರಾಜ್ಯದಲ್ಲೇ ಓದಿದ್ದರೆ, ಅದರಲ್ಲಿ ಹೆಚ್ಚು ಕಾಲ ಯಾವ ಪ್ರದೇಶದಲ್ಲಿ ಓದಿದಿರೋ ಅಲ್ಲಿನವರು ನೀವು.

ಇಷ್ಟೇ ತಾನೆ ಎನ್ನಬೇಡಿ. ಈ ಇಷ್ಟರಲ್ಲೇ ನಮ್ಮ ಸಂಘದ ಹುಡುಗಿಯೊಬ್ಬಳು ಸಿಕ್ಕಿಬಿದ್ದಳು. ಹೆಸರು ಬೇಡ, ಈಗ ಹಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತಂದೆ ಸಾರ್ವಜನಿಕ ವಲಯದ ನೌಕರ. ಏಳನೆಯ ತರಗತಿವರೆಗೆ ವಿಶಾಖಪಟ್ಟಣ. ಅಷ್ಟರಲ್ಲಿ ತಂದೆಗೆ ಹುಬ್ಬಳ್ಳಿಗೆ ವರ್ಗವಾಯಿತು. ಮನೆಯಲ್ಲಿ ಎಲ್ಲರಿಗೂ ಹಬ್ಬ! ಎಂಟು, ಒಂಬತ್ತು ಅಲ್ಲಿ ಓದಿದಳು, ಚೆನ್ನಾಗಿ ಕನ್ನಡ ಬರೆಯಲು ಕಲಿತಳು. ಮತ್ತೆ ವರ್ಗವಾಗಿ ಹತ್ತಕ್ಕೆ ವಿಶಾಖಪಟ್ಟಣ. ಇಂಟರ್ ಓದಲು ವಿಜಯವಾಡದ ಹಾಸ್ಟೆಲ್ ಕಾಲೇಜು. ಆ ಕಾಲೇಜುಗಳ ಬದುಕು ನಿಮಗೆ ಗೊತ್ತೇ ಇದೆ: ನಸುಕಿಗೆ ಎದ್ದರೆ ರಾತ್ರಿಯವರೆಗೆ ಓದು, ವಾರಕ್ಕೊಂದು ಪರೀಕ್ಷೆ, ಮನೆಯ ಊಟ ತಿಂಗಳಿಗೊಮ್ಮೆ.

2023ರಲ್ಲಿ ನೀಟ್ ಬರೆದಳು, ಅರ್ಹಳಾದಳು. ಅರ್ಜಿ ತುಂಬಲು ಇಂಟರ್‌ನೆಟ್ ಅಂಗಡಿಗೆ ಹೋದರೆ ಅಂಗಡಿಯವನು ಹುಟ್ಟಿದ ಊರು ನೋಡಿ 'ಲೋಕಲ್' ಎಂಬ ಮನೆಗೆ ಗುರುತು ಹಾಕಿದ. ದಾಖಲೆ ಪರಿಶೀಲನೆಯಲ್ಲಿ ಆಕ್ಷೇಪ ಬಂತು. ನಾಲ್ಕು ವರ್ಷದ ಲೆಕ್ಕದಲ್ಲಿ ಒಂಬತ್ತನೆಯ ತರಗತಿ ಹುಬ್ಬಳ್ಳಿಯದು. ಏಳು ವರ್ಷದ ಲೆಕ್ಕದಲ್ಲಿ ಎಂಟು, ಒಂಬತ್ತು ಎರಡೂ ಹೊರಗಿನವು. ಒಂದೇ ಒಂದು ವರ್ಷದ ಕೊರತೆಯಿಂದ, ಹುಟ್ಟಿ ಬೆಳೆದ ಊರಿನಲ್ಲಿ ಅವಳು ನಾನ್-ಲೋಕಲ್! ಸರಿ, ಕರ್ನಾಟಕದಲ್ಲಾದರೂ ನೋಡೋಣವೆಂದರೆ ಅಲ್ಲಿ ಬೇಕಾದದ್ದು ಏಳು ವರ್ಷ, ಇವಳದು ಎರಡು. ತಾಯಿ ನನ್ನ ಮನೆಗೆ ಬಂದು ಕುಳಿತು, "ಹಂಗಾರೆ ನನ್ನ ಮಗಳು ಯಾವ ರಾಜ್ಯದಾಕಿ ಅಣ್ಣಾರೇ?" ಎಂದು ಕೇಳಿದಾಗ ನನ್ನ ಬಾಯಲ್ಲಿ ಉತ್ತರವಿರಲಿಲ್ಲ.

ಆಮೇಲೆ ಆದೇಶವನ್ನು ತೆಗೆದು ಸಾವಕಾಶವಾಗಿ ಓದಿದೆವು. ಆ 15 ಸೀಟುಗಳ ಬಗ್ಗೆ ಬರೆದಿರುವುದನ್ನು ಹೆಚ್ಚಿನವರು ಓದುವುದೇ ಇಲ್ಲ. ಅಲ್ಲಿ ಸ್ಥಳೀಯರ ಜೊತೆಗೆ ಇತರರೂ ಸ್ಪರ್ಧಿಸಬಹುದು: ಹೊರಗೆ ಓದಿದ ಕಾಲ ಬಿಟ್ಟು ರಾಜ್ಯದಲ್ಲಿ ಒಟ್ಟು ಹತ್ತು ವರ್ಷ ವಾಸವಿದ್ದವರು, ತಂದೆ ಅಥವಾ ತಾಯಿ ಅಷ್ಟು ಕಾಲ ಇಲ್ಲಿ ವಾಸವಿದ್ದವರು, ತಂದೆ ಅಥವಾ ತಾಯಿ ಈ ರಾಜ್ಯದಲ್ಲಿ ಕೇಂದ್ರ ಅಥವಾ ರಾಜ್ಯ ಸರ್ಕಾರದ, ಸಾರ್ವಜನಿಕ ಉದ್ಯಮದ ನೌಕರಿಯಲ್ಲಿರುವವರು. ತಂದೆಯ ಕಚೇರಿಯಿಂದ ಸೇವಾ ಪ್ರಮಾಣಪತ್ರ ಎರಡೇ ದಿನದಲ್ಲಿ ಬಂತು, ತಿದ್ದುಪಡಿ ಆಯಿತು. ಮೂರನೆಯ ಸುತ್ತಿನವರೆಗೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕುಳಿತರು. ಸೀಟು ಸಿಕ್ಕ ದಿನ ರಾತ್ರಿ ಹತ್ತು ಗಂಟೆಗೆ ನನ್ನ ಮನೆಗೆ ಮೈಸೂರುಪಾಕು ಬಂತು.

ಇದು ಸಣ್ಣ ನಿಯಮ, ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದುಕೊಂಡೀರಿ. ನೆರೆಯ ತೆಲಂಗಾಣದಲ್ಲಿ 2024ರಲ್ಲಿ ಇದೇ ನಾಲ್ಕು ವರ್ಷದ ಓದಿನ ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟು ಹತ್ತಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಿಯಮವನ್ನೇ ಎತ್ತಿಹಿಡಿಯಿತು.

ಈಗ ಕರ್ನಾಟಕದ ಬಾಗಿಲಿಗೆ ಬರೋಣ. ನಿಮ್ಮಲ್ಲಿ ಎಷ್ಟೋ ಜನ "ಹೇಗಿದ್ದರೂ ನಾವು ಕನ್ನಡದವರು, ಕರ್ನಾಟಕದಲ್ಲಿ ನಮಗೆ ಸೀಟು ಇದ್ದೇ ಇರುತ್ತದೆ" ಎಂದು ತಿಳಿದಿದ್ದೀರಿ. ಇದು ದೊಡ್ಡ ಭ್ರಮೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೂಡ ಮುಖ್ಯವಾಗಿ ಕೇಳುವುದು ನೀವು ಎಲ್ಲಿ ಓದಿದಿರಿ ಎಂದೇ. ಒಂದರಿಂದ ಹನ್ನೆರಡರೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಹತ್ತನೆಯದನ್ನಾಗಲಿ ಹನ್ನೆರಡನೆಯದನ್ನಾಗಲಿ ಅಲ್ಲೇ ಪಾಸು ಮಾಡಿರಬೇಕು. ಅದು ನಮ್ಮ ಮಕ್ಕಳಿಗೆ ಆಗದ ಮಾತು. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕಲಮು ಇದೆ, ಇದನ್ನು ಗಮನವಿಟ್ಟು ಓದಿ: ಪಿಯುಸಿಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ನೀವು ಅರ್ಹರು. ರಕ್ಷಣಾ ಪಡೆ, ಕೇಂದ್ರ ಸೇವೆಯಲ್ಲಿರುವವರ ಮಕ್ಕಳಿಗೆ ಬೇರೆ ಕಲಮುಗಳೂ ಇವೆ.

ಹಾಗಾದರೆ ಏನಾಯಿತು? ದಂತ ಕಾಲೇಜಿನ ಅರ್ಜಿಯನ್ನು ನೀವು ಹದಿನೆಂಟನೆಯ ವಯಸ್ಸಿನಲ್ಲಿ ತುಂಬುತ್ತೀರಿ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಅದು ನಿರ್ಧಾರವಾಗುವುದು ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ. ಇಲ್ಲೇ ಇಂಟರ್ ಸೇರಿದರೆ ಆಂಧ್ರ. ಧಾರವಾಡದ ಅಜ್ಜಿಯ ಮನೆಯಲ್ಲಿದ್ದು ಪಿಯುಸಿ ಓದಿದರೆ ಆಂಧ್ರದ ಲೋಕಲ್ ಹಕ್ಕು ಹೋಯಿತು, ಅಪ್ಪನ ಶಾಲೆಯ ಕಾಗದ ಇದ್ದರೆ ಕರ್ನಾಟಕ ಬಂತು. ಕಾಗದ ಇಲ್ಲದಿದ್ದರೆ? ಎರಡೂ ಇಲ್ಲ! ಮನೆಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಯಾವ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಊಟ ಚೆನ್ನಾಗಿದೆ ಎಂಬುದರ ಚರ್ಚೆಯೇ ಹೆಚ್ಚು.

2019ರಲ್ಲಿ ಹೀಗೆ ಧಾರವಾಡಕ್ಕೆ ಹೋಗಿ ಓದಿದ ನಮ್ಮ ಹುಡುಗನೊಬ್ಬನ ತಂದೆ, ತಾವು ಓದಿದ ಹಳ್ಳಿಯ ಶಾಲೆಗೆ ಮೂವತ್ತು ವರ್ಷದ ಮೇಲೆ ಹೋದರು. ಹೆಂಚಿನ ಕಟ್ಟಡ ಹೋಗಿ ತಾರಸಿ ಬಂದಿತ್ತು. ಮುಖ್ಯೋಪಾಧ್ಯಾಯಿನಿ ಗೋದ್ರೆಜ್ ಬೀರು ತೆಗೆದು ಅಂಚು ಸವೆದ ದಾಖಲಾತಿ ರಿಜಿಸ್ಟರನ್ನು ಹುಡುಕಿ ಹೆಸರು ತೋರಿಸಿದರಂತೆ. ಅದರಲ್ಲಿ ಅವರ ಇನಿಷಿಯಲ್ಲು ಬೇರೆ ಇತ್ತು! ಅದನ್ನು ಸರಿಮಾಡಿಸಲು ಇನ್ನೂ ಎರಡು ಸಲ ಬಸ್ಸು ಹತ್ತಿದರು. ಮಗನಿಗೆ ಸೀಟು ಬಂತು ಎನ್ನುವುದಕ್ಕಿಂತ ಹೆಚ್ಚಾಗಿ ಆ ರಿಜಿಸ್ಟರಿನಲ್ಲಿ ತಮ್ಮ ತಂದೆಯ ಹೆಬ್ಬೆಟ್ಟಿನ ಗುರುತು ನೋಡಿದ್ದನ್ನೇ ಅವರು ಈಗಲೂ ಹೇಳುತ್ತಾರೆ.

ಇನ್ನು ಹೊರನಾಡ ಕನ್ನಡಿಗರು ಮತ್ತು ಗಡಿನಾಡ ಕನ್ನಡಿಗರು ಎಂಬ ವರ್ಗ. ಇದಕ್ಕೆ ಅರ್ಜಿ ಹಾಕುವವರಿಗೆ ಪ್ರಾಧಿಕಾರ ಪ್ರತಿ ವರ್ಷ ಒಂದು ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಮಟ್ಟ ಎಷ್ಟು ಗೊತ್ತೇ? ನಾಲ್ಕನೆಯ ತರಗತಿ! ಅದನ್ನು ಕೇಳಿ ನೀವು ನಗಬಹುದು. ಆದರೆ ನಮ್ಮ ಸಂಘದ ಎಷ್ಟು ಮಕ್ಕಳು ನಾಲ್ಕನೆಯ ತರಗತಿಯ ಕನ್ನಡ ಪುಸ್ತಕವನ್ನು ತಡವರಿಸದೆ ಓದಿ, ಹತ್ತು ವಾಕ್ಯ ಬರೆದಾರು? ಮಾತಾಡುತ್ತೀರಿ, ಸಂತೋಷ. ಒತ್ತಕ್ಷರ ಬಂದರೆ ತೆಲುಗಿನಂತೆ ಊಹಿಸಿ ಓದುತ್ತೀರಿ. 'ಕ'ಗೆ ತಲೆಕಟ್ಟು ಎಲ್ಲಿ, ತೆಲುಗಿನಲ್ಲಿ ಎಲ್ಲಿ ಎಂಬುದರಲ್ಲೇ ಗೊಂದಲ. ಭಾನುವಾರದ ಕನ್ನಡ ತರಗತಿಗೆ ಕ್ರಿಕೆಟ್ಟು ಬಿಟ್ಟು ಬನ್ನಿ ಎಂದು ನಾವು ಕರೆದಾಗ ಮುಖ ಸಿಂಡರಿಸುತ್ತೀರಲ್ಲ, ಅದಕ್ಕೆ ಹೇಳಿದೆ. ಈ ವರ್ಗಕ್ಕೆ ಯಾರು ಸೇರುತ್ತಾರೆ, ಯಾವ ಕೋರ್ಸಿಗೆ ಎಂಬುದನ್ನು ಮಾತ್ರ ಆಯಾ ವರ್ಷದ ಕೈಪಿಡಿಯಲ್ಲೇ ಓದಿಕೊಳ್ಳಬೇಕು. ಪರಿಚಯದವರ ಬಾಯಿಮಾತು ಕೇಳಿ ಹಣ ಕಟ್ಟಬೇಡಿ.

ಈ ಎಲ್ಲ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ನಿಮ್ಮ ವಯಸ್ಸಿನವರಿಗೆ ಬೇಸರವಾಗಬಹುದು. ನಮ್ಮ ಕಾಲವನ್ನು ನೀವು ನೋಡಿಲ್ಲ. 1980ರ ದಶಕದಲ್ಲಿ ಕರ್ನಾಟಕದ ವೈದ್ಯಕೀಯ, ದಂತ, ಎಂಜಿನಿಯರಿಂಗ್ ಕಾಲೇಜುಗಳೆಂದರೆ ಕ್ಯಾಪಿಟೇಷನ್ ಎಂಬ ಪದ ಮೊದಲು ನೆನಪಿಗೆ ಬರುತ್ತಿತ್ತು. ಆಂಧ್ರದಿಂದ, ಉತ್ತರದಿಂದ ಸೂಟ್‌ಕೇಸು ಹಿಡಿದು ಬರುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು. 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ನಿಷೇಧದ ಕಾಯಿದೆ ಮಾಡಿತು. ಆದರೂ ಬೇರೆ ಬೇರೆ ಶುಲ್ಕ ಉಳಿಯಿತು. ಮೀರತ್ತಿನ ವಿದ್ಯಾರ್ಥಿನಿಯೊಬ್ಬಳಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವರ್ಷಕ್ಕೆ 60,000 ರೂಪಾಯಿ ಶುಲ್ಕ. ಸರ್ಕಾರಿ ಸೀಟಿನವರಿಗೆ 2,000, ಕರ್ನಾಟಕದ ಇತರರಿಗೆ 25,000. ಅವಳು ಸುಪ್ರೀಂ ಕೋರ್ಟಿಗೆ ಹೋದಳು. 1992ರ ಮೋಹಿನಿ ಜೈನ್ ತೀರ್ಪು ಎಂದು ಅದು ಪ್ರಸಿದ್ಧ. ಮರುವರ್ಷ, 1993ರ ಫೆಬ್ರವರಿಯಲ್ಲಿ, ಉನ್ನಿಕೃಷ್ಣನ್ ಪ್ರಕರಣದ ತೀರ್ಪು ಬಂತು. ಅದರ ಎದುರು ಕಕ್ಷಿ ಯಾರು ಗೊತ್ತೇ? ಆಂಧ್ರಪ್ರದೇಶ ಸರ್ಕಾರ! ಅರ್ಧ ಸೀಟು ಮೆರಿಟ್ಟಿಗೆ ಕಡಿಮೆ ಶುಲ್ಕದಲ್ಲಿ, ಉಳಿದರ್ಧ ಹೆಚ್ಚು ಶುಲ್ಕದಲ್ಲಿ, ಎರಡೂ ಅರ್ಹತೆಯ ಪಟ್ಟಿಯಿಂದಲೇ ಎಂಬ ಏರ್ಪಾಡು ಅದರಿಂದ ಹುಟ್ಟಿತು. ಕರ್ನಾಟಕದ ಸಿಇಟಿ 1994ರಲ್ಲಿ ಶುರುವಾದದ್ದು ಆ ಬಿಸಿಯಲ್ಲೇ. 2002ರ ಟಿ.ಎಂ.ಎ. ಪೈ ತೀರ್ಪು ಆ ಏರ್ಪಾಡನ್ನು ಬದಲಿಸಿತು. ಅದರ ಕಥೆ ಉದ್ದ, ಬಿಡಿ. ಕೋರ್ಟಿನ ಹಾಳೆಗಳಲ್ಲಾದರೂ ನಮ್ಮ ಎರಡು ನಾಡುಗಳು ಅಕ್ಕಪಕ್ಕವೇ ಕುಳಿತಿವೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಈಗ ನೀಟ್ ಒಂದೇ. ಆಂಧ್ರದಲ್ಲಿ 2016ರವರೆಗೂ ಎಂಸೆಟ್ ಇತ್ತು. 2017ರಿಂದ ವೈದ್ಯಕೀಯ, ದಂತ ಎರಡಕ್ಕೂ ನೀಟ್. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು 24 ಲಕ್ಷಕ್ಕೂ ಹೆಚ್ಚು ಮಕ್ಕಳು. 2025ರ ಪರೀಕ್ಷೆಯಲ್ಲಿ ಮೂರು ಗಂಟೆಗೆ 180 ಪ್ರಶ್ನೆ, 720 ಅಂಕ. ಅದರಲ್ಲಿ ಜೀವಶಾಸ್ತ್ರವೇ ಅರ್ಧ. ಸರಿಯುತ್ತರಕ್ಕೆ ನಾಲ್ಕು, ತಪ್ಪಿದರೆ ಒಂದು ಕಳೆಯುತ್ತಾರೆ. 2017ರಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಬಂತು, ಆಮೇಲೆ ಹದಿಮೂರಾಯಿತು. ಆದರೆ ಕನ್ನಡದ ಪತ್ರಿಕೆ ಸಿಗುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ಪ್ರಾದೇಶಿಕ ಭಾಷೆಯೆಂದರೆ ತೆಲುಗು. ನಿಮ್ಮಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲೇ ಬರೆಯುವಿರಾದ್ದರಿಂದ ತೊಂದರೆ ಇಲ್ಲ. ಕನ್ನಡ ಮಾಧ್ಯಮದಿಂದ ಬಂದ ನಿಮ್ಮ ದಾಯಾದಿ ಅಣ್ಣತಮ್ಮಂದಿರು ಯಾರಾದರೂ ಇಲ್ಲಿದ್ದು ಬರೆಯುವುದಾದರೆ ಮೊದಲೇ ಹೇಳಿಬಿಡಿ.

ತಂದೆ ತಾಯಿಯರು ತಪ್ಪದೆ ಮಾಡುವ ಒಂದು ಎಡವಟ್ಟು: ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್ ಬೇಕು ಎಂದರೆ 720ರಲ್ಲಿ 360 ಅಂಕ ಎಂದುಕೊಳ್ಳುವುದು. ಹಾಗಲ್ಲ. ಬರೆದವರಲ್ಲಿ ಅರ್ಧದಷ್ಟು ಜನ ನಿಮ್ಮ ಕೆಳಗಿರಬೇಕು ಎಂದರ್ಥ. ಆ ಗೆರೆ 2023ರಲ್ಲಿ 137 ಅಂಕಕ್ಕೆ, 2025ರಲ್ಲಿ 144 ಅಂಕಕ್ಕೆ ಬಿತ್ತು. ಆದರೆ ಅದು ಅರ್ಜಿ ಹಾಕುವ ಯೋಗ್ಯತೆಯೇ ಹೊರತು ಸೀಟಲ್ಲ. ಸರ್ಕಾರಿ ಕಾಲೇಜಿನ ಸೀಟಿಗೆ ಅದಕ್ಕಿಂತ ಎಷ್ಟೋ ಮೇಲೆ ಇರಬೇಕು.

ಸೀಟುಗಳಾದರೂ ಎಲ್ಲಿವೆ? ಆಂಧ್ರದಲ್ಲಿ ಸರ್ಕಾರಿ ದಂತ ಕಾಲೇಜು ವಿಜಯವಾಡದಲ್ಲೊಂದು, ಕಡಪದಲ್ಲೊಂದು. ನಮ್ಮ ವಿಶಾಖಪಟ್ಟಣದಲ್ಲಿ 1923ರಿಂದ ಆಂಧ್ರ ವೈದ್ಯಕೀಯ ಕಾಲೇಜಿದ್ದರೂ ಸರ್ಕಾರಿ ದಂತ ಕಾಲೇಜಿಲ್ಲ. ಋಷಿಕೊಂಡದ ಗೀತಂ, ಭೀಮಿಲಿ ಹಾದಿಯ ಸಂಗಿವಲಸದ ಅನಿಲ್ ನೀರುಕೊಂಡ ಕಾಲೇಜು ಖಾಸಗಿಯವು. ಇವೆರಡರಲ್ಲೂ ಒಂದು ವ್ಯತ್ಯಾಸವಿದೆ, ಅದು ತಿಳಿಯದೆ ಮಕ್ಕಳು ಮೋಸಹೋಗುತ್ತಾರೆ. ಗೀತಂ ಡೀಮ್ಡ್ ವಿಶ್ವವಿದ್ಯಾಲಯ. ಅದರ ಸೀಟುಗಳು ದೆಹಲಿಯ ಎಂಸಿಸಿ ಕೌನ್ಸೆಲಿಂಗಿನಲ್ಲಿ ಹಂಚಿಹೋಗುತ್ತವೆ, ಅಲ್ಲಿ ಲೋಕಲ್ ಪ್ರಶ್ನೆಯೇ ಇಲ್ಲ. ಮಣಿಪಾಲದ, ಮಂಗಳೂರಿನ ಮಣಿಪಾಲ ದಂತ ಕಾಲೇಜುಗಳೂ ಹಾಗೆಯೇ. ಸರ್ಕಾರಿ ಕಾಲೇಜುಗಳ ನೂರಕ್ಕೆ 15 ಸೀಟೂ ಅಖಿಲ ಭಾರತ ಕೋಟಾದಲ್ಲಿ ಅಲ್ಲೇ ಹೋಗುತ್ತವೆ. ಒಂದು ಕಾಲಕ್ಕೆ ಆಂಧ್ರ ಇದಕ್ಕೆ ಸೇರಿರಲಿಲ್ಲ, ಈಗ ಸೇರಿದೆ. ಎಂದರೆ ವಿಶಾಖಪಟ್ಟಣದಲ್ಲಿ ಓದಿದ ನೀವು ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿಗೂ ಈ ಬಾಗಿಲಿನಿಂದ ಹೋಗಬಹುದು, ಯಾರೂ ನಿಮ್ಮ ಒಂಬತ್ತನೆಯ ತರಗತಿ ಎಲ್ಲಿ ಎಂದು ಕೇಳುವುದಿಲ್ಲ. ಉಳಿದ ಖಾಸಗಿ ಕಾಲೇಜುಗಳಲ್ಲಿ ಸುಮಾರು ಅರ್ಧ ಕನ್ವೀನರ್ ಕೋಟಾ, ಮಿಕ್ಕದ್ದು ಮ್ಯಾನೇಜ್‌ಮೆಂಟ್ ಮತ್ತು ಎನ್.ಆರ್.ಐ. ಎಂಸಿಸಿಗೆ ಬೇರೆ ಅರ್ಜಿ, ಆಂಧ್ರಕ್ಕೆ ಬೇರೆ, ಕರ್ನಾಟಕಕ್ಕೆ ಬೇರೆ. ಮೂರಕ್ಕೂ ಕೊನೆಯ ದಿನಗಳು ಬೇರೆ ಬೇರೆ, ಒಂದರ ಮೇಲೊಂದು ಬರುತ್ತವೆ.

ಆಂಧ್ರದ ಹಂಚಿಕೆ ವಿಜಯವಾಡದ ಎನ್.ಟಿ.ಆರ್. ಆರೋಗ್ಯ ವಿಶ್ವವಿದ್ಯಾಲಯದ್ದು. 1986ರಲ್ಲಿ ಆರಂಭವಾದಾಗ ಅದು ಆಂಧ್ರಪ್ರದೇಶ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕರ್ನಾಟಕದ ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಬಂದದ್ದು ಅದಕ್ಕೆ ಹತ್ತು ವರ್ಷದ ನಂತರ. ಆಮೇಲೆ ಎನ್.ಟಿ.ಆರ್. ಹೆಸರು ಬಂತು, 2022ರಲ್ಲಿ ವೈ.ಎಸ್.ಆರ್. ಆಯಿತು, 2024ರಲ್ಲಿ ಮತ್ತೆ ಎನ್.ಟಿ.ಆರ್. ನಿಮ್ಮ ಅಕ್ಕನ ಪ್ರಮಾಣಪತ್ರದಲ್ಲಿ ಒಂದು ಹೆಸರು, ನಿಮ್ಮದರಲ್ಲಿ ಇನ್ನೊಂದು ಇದ್ದರೆ ಗಾಬರಿಯಾಗಬೇಡಿ.

1998ರಲ್ಲಿ ನನ್ನ ಮಗಳ ಎಂಸೆಟ್ ಕೌನ್ಸೆಲಿಂಗಿಗೆ ನಾವಿಬ್ಬರೂ ಮಧ್ಯಾಹ್ನದ ರತ್ನಾಚಲ್ ಹತ್ತಿ ವಿಜಯವಾಡಕ್ಕೆ ಹೋಗಿದ್ದೆವು. ಬ್ಯಾಂಕ್ ಡ್ರಾಫ್ಟನ್ನು ನಾನು ಬನಿಯನ್ನಿನ ಒಳಜೇಬಿನಲ್ಲಿಟ್ಟುಕೊಂಡಿದ್ದೆ. ರಾಜಮಂಡ್ರಿಯ ಸೇತುವೆ ದಾಟುವಾಗ ಮಗಳು ಗೋದಾವರಿಗೆ ಒಂದು ರೂಪಾಯಿ ಹಾಕಿದಳು. ನಾನು ಕಾಣದಂತೆ ಎರಡು ಹಾಕಿದೆ. ಮಾರನೆಯ ದಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ನೂರಾರು ತಂದೆಯರು ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದರು. ಉಳಿದ ಸೀಟುಗಳ ಲೆಕ್ಕ ಹಲಗೆಯ ಮೇಲೆ ಇಳಿಯುತ್ತಾ ಹೋಗುವುದನ್ನು ನೋಡುತ್ತಿದ್ದೆವು. ಸರದಿ ಬಂದಾಗ ಮೇಜಿನ ಆಚೆಗಿದ್ದವರು ಕೇಳಿದರು: ಯಾವ ಕಾಲೇಜು? ಯೋಚಿಸಲು ಅರ್ಧ ನಿಮಿಷ. ಎಂಬಿಬಿಎಸ್ ಮುಗಿದಿತ್ತು. ಮಗಳು ನನ್ನ ಮುಖ ನೋಡದೆ "ಡೆಂಟಲ್" ಎಂದಳು. ನನಗೆ ಆ ದಿನ ಬೇಸರವಾಗಿತ್ತು, ಮುಚ್ಚಿಡುವುದೇಕೆ! ವಾಪಸು ಬರುವಾಗ ರೈಲಿನಲ್ಲಿ ಮಾತೇ ಆಡಲಿಲ್ಲ. ಈಗ ಅದನ್ನು ನೆನೆದರೆ ನನಗೇ ನಾಚಿಕೆ. ಇಂದು ನೀವು ಮನೆಯಲ್ಲೇ ಕುಳಿತು ವೆಬ್ ಆಪ್ಷನ್ನು ಕೊಡುತ್ತೀರಿ, ಬದಲಾಯಿಸಲು ದಿನಗಟ್ಟಲೆ ಸಮಯ ಇರುತ್ತದೆ. ಆದರೆ ಗಮನಿಸಿ: ನೀವು ಬರೆದ ಕ್ರಮವೇ ನಿಮ್ಮ ಮಾತು. ಹೋಗಲು ಮನಸ್ಸಿಲ್ಲದ ಕಾಲೇಜನ್ನು ಮೇಲೆ ಬರೆದು ಸಿಕ್ಕಿಹಾಕಿಕೊಂಡವರನ್ನು ಕಂಡಿದ್ದೇನೆ.

ನನ್ನ ಬೇಸರದ ಮಾತು ಬಂತಲ್ಲ, ಅದನ್ನೇ ನಿಮಗೆ ಕೇಳುತ್ತೇನೆ. ಎಂಬಿಬಿಎಸ್ ಸಿಗಲಿಲ್ಲವೆಂದು ಹಲ್ಲಿನ ಕಾಲೇಜಿಗೆ ಹೋಗುತ್ತಿದ್ದೀರಾ? ಹಾಗಿದ್ದರೆ ಎರಡು ಸಲ ಯೋಚಿಸಿ. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅರ್ಹತೆಯ ಗೆರೆಯನ್ನೇ ಹತ್ತು ಪರ್ಸೆಂಟೈಲ್ ಇಳಿಸಬೇಕಾಯಿತು. ಖಾಲಿ ಸೀಟು ಕಂಡರೆ ದಲ್ಲಾಳಿಗಳು ಫೋನ್ ಮಾಡುತ್ತಾರೆ. ಆದರೆ ಸೀಟು ಸುಲಭವಾದ ಮಾತ್ರಕ್ಕೆ ಓದು ಸುಲಭವಲ್ಲ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷವೇ ಅಂಗರಚನೆ, ಶರೀರಕ್ರಿಯೆ, ಜೀವರಸಾಯನದ ಜೊತೆಗೆ ಮೇಣದ ತುಂಡು ಮತ್ತು ಚಾಕು ಕೈಗೆ ಕೊಟ್ಟು ಹಲ್ಲು ಕೆತ್ತಲು ಹೇಳುತ್ತಾರೆ. ಕೋರೆಹಲ್ಲು, ದವಡೆಹಲ್ಲು, ಒಂದೊಂದರ ಉಬ್ಬು ತಗ್ಗು ಸಮೇತ. ನನ್ನ ಮಗಳು ಊಟದ ಮೇಜಿನ ಮೇಲೆ ಮೇಣದ ಸಿಪ್ಪೆ ಗುಡ್ಡೆಹಾಕುತ್ತಿದ್ದಳು. ಒಂದು ದಿನ ಅವಳ ಅಜ್ಜಿ ಅದನ್ನು ತುಪ್ಪದ ಗಸಿ ಎಂದುಕೊಂಡು ಎತ್ತಿಟ್ಟಿದ್ದೂ ಉಂಟು! ಕೈ ನಡುಗದಿರಬೇಕು, ಬೆನ್ನು ಗಟ್ಟಿಯಿರಬೇಕು. ಸರ್ಕಾರಿ ನೌಕರಿ ಕಡಿಮೆ. ಸ್ವಂತ ಕ್ಲಿನಿಕ್ಕಿಗೆ ಕುರ್ಚಿ, ಕಂಪ್ರೆಸರು, ಎಕ್ಸ್‌ರೇ ಎಂದು ಬಂಡವಾಳ ಬೇಕು. ಅನೇಕರು ಎಂಡಿಎಸ್ ಮಾಡುತ್ತಾರೆ, ಅದಕ್ಕೂ ಬೇರೆ ನೀಟ್ ಇದೆ. ಇದನ್ನೆಲ್ಲ ತಿಳಿದೂ ಆ ಹುಡುಗನಂತೆ ಅಜ್ಜಿಯ ಹಲ್ಲುಸೆಟ್ಟು ನೋಡಿ ಆಸೆಪಟ್ಟು ಹೋಗುವವರು ಚೆನ್ನಾಗಿಯೇ ಇದ್ದಾರೆ. ನನ್ನ ಮಗಳೂ ಅವರಲ್ಲಿ ಒಬ್ಬಳು.

ಒಂದು ಅನುಕೂಲ ಮಾತ್ರ ನಿಮಗೆ ಹುಟ್ಟಿನಿಂದ ಬಂದಿದೆ. ಇಲ್ಲಿನ ರೋಗಿ ಬಂದು "ಪಿಪ್ಪಿ ಪನ್ನು" ಎಂದರೆ ಹುಳುಕು ಹಲ್ಲು, "ಚಿಗುಳ್ಳು" ಎಂದರೆ ವಸಡು ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ತಣ್ಣೀರು ತಾಗಿದಾಗ ತೆಲುಗಿನವರ ಹಲ್ಲು "ಜಿವ್ವು" ಎನ್ನುತ್ತದೆ, ನಮ್ಮದು "ಜುಂ" ಎನ್ನುತ್ತದೆ. ನಮ್ಮ ಹಲ್ಲು ಹಳಗನ್ನಡದಲ್ಲಿ 'ಪಲ್' ಆಗಿತ್ತು. ತೆಲುಗಿನ ಪನ್ನು, ಬಹುವಚನದ ಪಳ್ಳು ಅದರ ಒಡಹುಟ್ಟು. ನನ್ನ ಮಗಳ ಕ್ಲಿನಿಕ್ಕಿಗೆ ಮೊದಲ ವರ್ಷ ಬಂದವರಲ್ಲಿ ಅರ್ಧ ಜನ ಕನ್ನಡ ಕೇಳಿ ಬಂದವರು, ಇನ್ನರ್ಧ ಅವಳ ತೆಲುಗು ಕೇಳಿ ಉಳಿದವರು.

ಹೋಳಿಗೆಯ ಹುಡುಗನ ಪ್ರಶ್ನೆಗೆ ಉತ್ತರ: ಅವನು ಒಂದರಿಂದ ಹತ್ತರವರೆಗೂ ಇಲ್ಲೇ ಓದಿದ್ದಾನೆ. ಇಂಟರನ್ನೂ ಇಲ್ಲೇ ಓದಿದರೆ ಅನುಮಾನವಿಲ್ಲದ ಲೋಕಲ್. ಅವನ ಅಪ್ಪ ಮಾತ್ರ ಪಿಯುಸಿಗೆ ದಾವಣಗೆರೆಗೆ ಕಳಿಸೋಣ ಎನ್ನುತ್ತಿದ್ದಾರೆ. ತಾಯಿ ಬೇಡ ಎನ್ನುತ್ತಿದ್ದಾರೆ. ಮುಂದಿನ ವಾರ ಮೂವರೂ ಬರುತ್ತಾರೆ.

ನೀವೂ ಬನ್ನಿ. ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಬೆಳಗ್ಗೆ ಹತ್ತರಿಂದ ಸಂಘದ ಗ್ರಂಥಾಲಯದಲ್ಲಿ ಇರುತ್ತೇನೆ. ಬರುವಾಗ ಆರನೆಯ ತರಗತಿಯಿಂದ ಇಂಟರ್‌ವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ತನ್ನಿ. ಶಾಲೆ ಮುಚ್ಚಿಹೋಗಿದ್ದರೆ ಈಗಲೇ ವಿಚಾರಿಸಿ, ನೀಟ್ ಫಲಿತಾಂಶ ಬಂದ ಮೇಲೆ ಅಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರೂ ಆಧಾರ್ ಕಾರ್ಡಿನ ಹೆಸರೂ ಒಂದೇ ಇವೆಯೇ ಎಂದು ನೋಡಿಕೊಳ್ಳಿ. ತೆಲುಗರಂತೆ ಮನೆತನದ ಹೆಸರು ಮುಂದೆ, ನಮ್ಮಂತೆ ಊರಿನ ಹೆಸರು ಹಿಂದೆ ಎಂದು ಎರಡು ಕಡೆ ಎರಡು ರೀತಿ ಆಗಿರುವುದು ನಮ್ಮಲ್ಲಿ ಬಹಳ. ಅಪ್ಪ ಅಮ್ಮ ಕರ್ನಾಟಕದಲ್ಲಿ ಓದಿದ ಶಾಲೆಗಳ ಹೆಸರು, ವರ್ಷ ಬರೆದುಕೊಂಡು ಬನ್ನಿ. ಅಪ್ಪನಿಗೆ ನೆನಪಿಲ್ಲವೆಂದರೆ ಅಜ್ಜಿಗೆ ಫೋನ್ ಮಾಡಿ, ಅವರಿಗೆ ಮೇಷ್ಟ್ರ ಹೆಸರೂ ನೆನಪಿರುತ್ತದೆ.